ಐದೂವರೆ ಇಂಚು ದೂರದ ಮೂಗುತಿ

ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಶಹಾಬಾದಿನ ನಮ್ಮ ಕಲ್ಲುಗಣಿಯ ಕಚೇರಿಯಲ್ಲಿ ಫೋಟೋ ತೆಗೆಯುವ ಮಟ್ಟಿಗೆ ನಾನು ಅಂಥ ಗೌಡನಾಗಿದ್ದೆ. ಇಡೀ ಕಚೇರಿಗೆ ಇದ್ದದ್ದು ಒಂದೇ ಕ್ಯಾಮರಾ, ಅದು ನನ್ನದು. ಅದೂ ಸೆಕೆಂಡ್ ಹ್ಯಾಂಡ್. ಮುಚ್ಚಳ ತೆರೆದರೆ ಹಾರ್ಮೋನಿಯಂ ತಿದಿಯ ಹಾಗೆ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು. ಒಂದು ರೀಲಿಗೆ ಹನ್ನೆರಡು ಫೋಟೋ. ಗಣಿಯಿಂದ ಎದ್ದ, ನೆಲಕ್ಕೆ ಹಾಸುವ ಪರಸಿ ಕಲ್ಲುಗಳ ಉದ್ದ, ಅಗಲ, ದಪ್ಪ ಅಳೆದು ಬರೆಯುವುದು ನನ್ನ ಕೆಲಸ. ಬಿಡುವಿದ್ದಾಗ ಅದೇ ಕಲ್ಲುಗಳ ಫೋಟೋ ತೆಗೆಯುತ್ತಿದ್ದೆ. ಒಂದೂ ಕೆಟ್ಟಿರಲಿಲ್ಲ. ಕಲ್ಲು ಕೆಮ್ಮುವುದಿಲ್ಲ, ಸೀನುವುದಿಲ್ಲ, ಎಲೆಯಡಿಕೆ ಮೆಲ್ಲುವುದಿಲ್ಲ ಎಂಬ ಸಂಗತಿಯನ್ನು ಆಗ ನಾನು ಗಮನಿಸಿರಲಿಲ್ಲ.

ಇದು ಎಪ್ಪತ್ತರ ದಶಕದ ಮಾತು. ನನ್ನ ಹೆಂಡತಿ ಸರೋಜಾಳ ತವರು ಸೇಡಂ. ಅವಳ ತಂಗಿ ಶಾಂತಾಳ ಮದುವೆಗೆ ಆರು ವಾರ ಉಳಿದಿತ್ತು. ಒಡವೆಗೆ ಆಸೆಪಡುವ ಹುಡುಗಿಯಲ್ಲ ಅವಳು. ಕೇಳಿದ್ದು ಒಂದೇ ಒಂದು, ಅಜ್ಜಿಯ ಮೂಗಿನಲ್ಲಿರುವಂಥದೇ ಮೂಗುತಿ. ಈ ಅಜ್ಜಿ ಎಂದರೆ ನಮ್ಮ ಮಾವನವರ ತಾಯಿ. ಮನೆಯವರೆಲ್ಲ ಅವಳನ್ನು ಆಯಿ ಎಂದೇ ಕರೆಯುತ್ತಿದ್ದರು. ಆಯಿಯ ಮೂಗುತಿಯಲ್ಲಿ ನಡುವೆ ಒಂದು ಕೆಂಪು ಹರಳು, ಸುತ್ತ ಆರು ಬಿಳಿ ಹರಳು, ಕೆಳಗೆ ಜೋಳದ ಕಾಳಿನಷ್ಟೇ ಇರುವ ಒಂದು ಬಂಗಾರದ ಗಿಣಿ. ಅಷ್ಟು ಸಣ್ಣ ಗಿಣಿಗೆ ಕೊಕ್ಕು, ರೆಕ್ಕೆ, ಕೊರಳ ಪಟ್ಟಿ ಎಲ್ಲವೂ ಇದ್ದವು. ಅದನ್ನು ಮಾಡಿದ ಪತ್ತಾರ, ಅಂದರೆ ಅಕ್ಕಸಾಲಿ, ಎಂದೋ ತೀರಿಹೋಗಿದ್ದ. ಶಾಂತಾ ಚಿಕ್ಕವಳಿದ್ದಾಗ ಆಯಿಯ ತೊಡೆಯ ಮೇಲೆ ಮಲಗಿ ಆ ಗಿಣಿಯ ಜೊತೆ ಮಾತಾಡುತ್ತ ಬೆಳೆದವಳು. ಆ ಗಿಣಿಯನ್ನು ಬಿಟ್ಟು ಗಂಡನ ಮನೆಗೆ ಹೋಗಲು ಅವಳಿಗೆ ಮನಸ್ಸಿರಲಿಲ್ಲ.

"ಚಿತ್ತಾಪುರದ ಮಾನಪ್ಪ ಪತ್ತಾರಗ ಹೇಳೀವ್ರಿ," ಎಂದರು ಅತ್ತೆ. "ಹಂಥಾದೇ ಮಾಡಿಕೊಡ್ತೀನಿ, ಖರೆ ಕೈಯಾಗ ಹಿಡಿದು ನೋಡ್ಬೇಕು ಅಂತಾನ. ಆಯಿ ಅದನ್ನ ಬಿಚ್ಚಂಗಿಲ್ಲ. ಮುತ್ಯಾ ಗಟ್ಟಿ ಇದ್ದಾಗ ಮುತ್ತೈದಿ ಮೂಗುತಿ ತೆಗೀತಾಳೇನ್ರಿ?"

ಮುತ್ಯಾ ಎಂದರೆ ಆಯಿಯ ಗಂಡ. ತಾವು ಗಟ್ಟಿ ಇರುವುದಕ್ಕೆ ಪುರಾವೆಯಾಗಿ ಅಂಗಳದ ಹೊರಸಿನ ಮೇಲೆ ಗೊರಕೆ ಹೊಡೆಯುತ್ತಿದ್ದರು.

"ಅದಕ್ಕೇನಾತು," ಎಂದರು ಮಾವ. "ಮಾನಪ್ಪ ತಾನೇ ಸೋಮವಾರ ಬಂದು, ಆಯಿ ಮುಂದ ಕುಂತು ನೋಡ್ಕೊಂಡು ಹೋಗ್ತೀನಿ ಅಂದಾನ."

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ನಾನು ಬಾಯಿ ತೆರೆದೆ.

"ಆ ಮುದುಕಗ ಯಾಕ ತ್ರಾಸ ಕೊಡ್ತೀರಿ ಮಾವಾರ? ಬ್ಯಾಡ ಅಂತ ಹೇಳಿ ಕಳಸ್ರಿ. ನಾ ಫೋಟೋ ತೆಗೆದು ಕೊಡ್ತೀನಿ. ಗಿಣಿ ಕಣ್ಣು ಸೈತ ಕಾಣ್ತದ, ನೋಡ್ರಿ ಬೇಕಾದ್ರ."

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಆಯಿ ತಲೆ ಎತ್ತಿದಳು. "ಫೋಟೋ ತೆಗೀತಿಯೇನಪಾ ಅಳಿಯಾ? ನಂದು?"

"ಹೌದು ಆಯಿ. ಬರೋ ಐತವಾರ."

ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡು, ಕೂದಲನ್ನು ಹಿಂದಕ್ಕೆ ಸವರಿಕೊಂಡಳು. ಶಾಂತಾ ಮಾತ್ರ ನನ್ನನ್ನೇ ನೋಡುತ್ತಿದ್ದಳು. "ಮಾಮಾ, ಖರೇನೇ ಬರ್ತದ?" ಎಂದು ಕೇಳಿದಳು. "ಬರದೇ ಎಲ್ಲಿಗಿ ಹೋಗ್ತದ?" ಎಂದೆ ನಾನು. ಮಾನಪ್ಪನಿಗೆ ಬರುವುದು ಬೇಡವೆಂದು ಅವತ್ತೇ ಕಾಗದ ಹೋಯಿತು.

ಶಹಾಬಾದಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು ಖಾಜಾ ಮಿಯಾ. ನನ್ನ ಕಲ್ಲಿನ ಫೋಟೋಗಳನ್ನೆಲ್ಲ ತೊಳೆದು ಕೊಡುತ್ತಿದ್ದವರೂ ಅವರೇ. ವಿಷಯ ಹೇಳಿದೆ.

"ನಿಮ್ಮ ಕ್ಯಾಮರಾ ಮೂರೂವರೆ ಫೂಟಿನ ಒಳಗ ಹೋದ್ರ ಎಲ್ಲಾ ಮಬ್ಬು ತೋರಸ್ತದ ಸಾಬ್," ಎಂದರು. "ಅದಕ್ಕ ಒಂದು ಚಸ್ಮಾ ಹಾಕ್ಬೇಕು."

ಡ್ರಾವರಿನಿಂದ ಒಂದು ಡಬ್ಬಿ ತೆಗೆದರು. ಒಳಗೆ ಮೂರು ದುಂಡನೆಯ ಗಾಜು, ಕ್ಯಾಮರಾದ ಲೆನ್ಸಿನ ಮುಂದೆ ಸಿಕ್ಕಿಸುವಂಥವು. ಒಂದು, ಎರಡು, ನಾಲ್ಕು ಎಂದು ನಂಬರು.

"ಒಂದನೇ ನಂಬರಿಗಿ ಏನು ಬರ್ತದ?"

"ಮುಖ."

"ಎರಡಕ್ಕ?"

"ಕಣ್ಣು, ಮೂಗು."

"ನಾಲ್ಕಕ್ಕ?"

"ಹತ್ತಿಂಚಿನಿಂದ ಬರೇ ಮೂಗು. ನಿಮಗ ಅಷ್ಟು ಸಾಕು."

"ಮೂರೂ ಕೂಡ್ಸಿ ಹಾಕಿದ್ರ?"

ಖಾಜಾ ಮಿಯಾ ಡಬ್ಬಿಯ ಮುಚ್ಚಳ ಹಾಕಿದರು. "ಐದೂವರೆ ಇಂಚಿಗಿ ಬರ್ತೀರಿ. ಜೋಳದ ಕಾಳಿನಷ್ಟು ಹಿಂದ ಮುಂದ ಆದ್ರ ಏನೂ ಕಾಣಂಗಿಲ್ಲ. ಬ್ಯಾಡ ಸಾಬ್. ಇನ್ನೊಂದು ಮಾತು ಕೇಳ್ರಿ. ನೀವು ನೋಡೋ ಖಿಡಕಿ ಮ್ಯಾಲ ಅದ, ಲೆನ್ಸು ಕೆಳಗ ಅದ. ದೂರಿನ ಫೋಟೋಕ್ಕ ನಡೀತದ, ಹತ್ರ ಹೋದಾಗ..."

"ಗೊತ್ತದ, ಗೊತ್ತದ," ಎಂದೆ. ಹತ್ತು ವರ್ಷ ಕಲ್ಲು ಅಳೆದವನಿಗೆ ಮೇಲೆ ಕೆಳಗೆ ಎಂದು ಹೇಳಿಕೊಡುವುದೇ? ಹೆಚ್ಚು ಗಾಜು ಹಾಕಿದರೆ ಹೆಚ್ಚು ಕಾಣುತ್ತದೆ ಎಂಬುದು ನನ್ನ ಸಿದ್ಧಾಂತವಾಗಿತ್ತು. ಮೂರೂ ಗಾಜು ತೆಗೆದುಕೊಂಡು ಬಂದೆ.

ಭಾನುವಾರ ಸರೋಜಾಳೊಡನೆ ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂ ಮುಟ್ಟುವ ಹೊತ್ತಿಗೆ ಆಯಿ ಸಿದ್ಧಳಾಗಿದ್ದಳು. ಮದುವೆಗೆಂದು ತೆಗೆದಿಟ್ಟ ಇಳಕಲ್ ಸೀರೆ ಉಟ್ಟು, ಹಣೆಗೆ ಕಾಸಗಲ ಕುಂಕುಮ ಇಟ್ಟು, ಕೈತುಂಬ ಹಸಿರು ಬಳೆ ಹಾಕಿ ಕುಳಿತಿದ್ದಳು. ಮೂಗುತಿಯ ಫೋಟೋಕ್ಕೆ ಸೀರೆ ಯಾಕೆ ಎಂದು ನನಗೆ ಅನಿಸಿತು. ಮುದುಕರ ಹುರುಪು ಎಂದು ಸುಮ್ಮನಾದೆ.

ಸೇಡಂ ಕಡೆಯ ಹಳೆಯ ಮನೆಗಳನ್ನು ನೋಡಿದವರಿಗೆ ಗೊತ್ತು, ಗೋಡೆಯೂ ಕಲ್ಲು, ನೆಲವೂ ಕಲ್ಲು, ಮಾಳಿಗೆಯೂ ಕಲ್ಲು. ಬಿಸಿಲಿಗೆ ಹೆದರಿ ಕಟ್ಟಿದ ಮನೆ. ಪಡಸಾಲೆಯಲ್ಲಿ ಮೂಗೇ ಸರಿಯಾಗಿ ಕಾಣಲಿಲ್ಲ, ಮೂಗುತಿಯ ಮಾತು ಎಲ್ಲಿ ಬಂತು! ಆಯಿಯನ್ನು ಅಂಗಳಕ್ಕೆ ಕರೆತಂದು ಬಿಸಿಲಿನಲ್ಲಿ ಕೂಡಿಸಿದೆ. ಐದೂವರೆ ಇಂಚಿನಷ್ಟು ಹತ್ತಿರ ಹೋದ ಕೂಡಲೇ ಹೊಸ ಸಮಸ್ಯೆ ಎದ್ದಿತು. ನನ್ನ ತಲೆಯ ನೆರಳು ಆಯಿಯ ಮೂಗಿನ ಮೇಲೆ ಬಿತ್ತು. ಬಲಕ್ಕೆ ಸರಿದರೆ ನೆರಳೂ ಬಲಕ್ಕೆ ಬಂತು. ಎಡಕ್ಕೆ ಸರಿದರೆ ಎಡಕ್ಕೆ.

"ಸರೋಜಾ, ಹಿತ್ತಾಳಿ ಪರಾತ ತಗೊಂಡು ಬಾ."

ಮದುವೆಯ ಹಿಟ್ಟು ಕಲೆಸುವ ಆ ಪರಾತವನ್ನು ಅವಳು ಎರಡೂ ಕೈಯಲ್ಲಿ ಹಿಡಿದು ಸೂರ್ಯನ ಬೆಳಕನ್ನು ತಿರುಗಿಸಿದಳು. ಬೆಳಕು ನೇರವಾಗಿ ಆಯಿಯ ಕಣ್ಣಿಗೆ ಹೋಯಿತು. ಆಯಿಯ ಕಣ್ಣಿನಿಂದ ನೀರು ಸುರಿಯತೊಡಗಿತು. ಆದರೂ ಅವಳು ಅಲುಗಾಡಲಿಲ್ಲ.

"ರೀ, ಮುದುಕಿ ಕಣ್ಣು ಹೋಗ್ತಾವ. ಏನ್ ಮಾಡ್ಲಿಕತ್ತೀರಿ ನೀವು?"

"ನೀ ಜರಾ ಕೆಳಗ ಹಿಡಿ. ಮೂಗಿಗಿ ಹಿಡಿ, ಮೂಗಿಗಿ."

ಹೀಗೆ ಹನ್ನೆರಡೂ ಮುಗಿದವು. ಬೆವರು ಒರೆಸಿಕೊಂಡು ಊಟಕ್ಕೆ ಕುಳಿತಾಗ ಶಾಂತಾ ನನ್ನ ತಟ್ಟೆಗೆ ಎರಡು ಹೋಳಿಗೆ ಹೆಚ್ಚು ಹಾಕಿದಳು. ಗೆದ್ದೆ ಎಂದೇ ತಿಳಿದು ತಿಂದೆ.

ಬುಧವಾರ ಖಾಜಾ ಮಿಯಾ ಹನ್ನೆರಡು ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಗದ್ದ ಭಾಳ ಸಾಫ್ ಬಂದದ ಸಾಬ್," ಎಂದರು ಕೊನೆಗೆ.

ಹನ್ನೆರಡೂ ಗದ್ದಗಳೇ! ನಾನು ಮೇಲಿನ ಕಿಂಡಿಯಲ್ಲಿ ಮೂಗು ನೋಡುತ್ತಿದ್ದಾಗ, ಕೆಳಗಿನ ಲೆನ್ಸು ಶಾಂತವಾಗಿ ಗದ್ದವನ್ನು ನೋಡುತ್ತಿತ್ತು. ಎರಡರಲ್ಲಿ ಆಯಿಯ ಉಳಿದ ಎರಡು ಹಲ್ಲುಗಳೂ ಇದ್ದವು. ಖಾಜಾ ಮಿಯಾ ಅಂದು ಅರ್ಧಕ್ಕೆ ನಿಂತ ಮಾತನ್ನು ಇಂದು ಪೂರ್ತಿ ಹೇಳಿದರು, ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ.

ಅದೇ ದಿನ ಸೇಡಂನಿಂದ ಮಾವನವರ ಕಾರ್ಡು ಬಂತು. ಪತ್ತಾರನಿಗೆ ಎರಡೂವರೆ ವಾರವಾದರೂ ಬೇಕಂತೆ, ಇನ್ನೂ ಕಾಲ ಮಿಂಚಿಲ್ಲ, ತಾನೇ ಬಂದು ನೋಡಲೇ ಎಂದು ಕೇಳಿದ್ದಾನಂತೆ. ಹೂಂ ಎಂದು ಬರೆದಿದ್ದರೆ ನನ್ನ ಕಥೆ ಹನ್ನೆರಡು ಗದ್ದಗಳಿಗೆ ಮುಗಿಯುತ್ತಿತ್ತು. ಆದರೆ ಹಿರಿಯ ಅಳಿಯನ ಮಾನದ ಪ್ರಶ್ನೆ! "ಮೊದಲ ಪ್ರಯತ್ನ ಆಶಾದಾಯಕವಾಗಿದೆ, ಪತ್ತಾರರು ಬರುವ ಅಗತ್ಯವಿಲ್ಲ" ಎಂದು ಕಚೇರಿಯ ಭಾಷೆಯಲ್ಲಿ ಉತ್ತರ ಬರೆದೆ.

ಎರಡನೆಯ ಭಾನುವಾರ ಕ್ಯಾಮರಾದ ಗುರಿಯನ್ನು ಸರಿಪಡಿಸಿಕೊಂಡಿದ್ದೆ. ಲೆನ್ಸಿನ ಪಕ್ಕಕ್ಕೆ ಐದೂವರೆ ಇಂಚಿನ ಒಂದು ದಾರ ಕಟ್ಟಿ, ತುದಿಗೆ ಗಂಟು ಹಾಕಿದ್ದೆ. ಗಂಟು ಮೂಗುತಿಗೆ ತಾಗಿದರೆ ದೂರ ಸರಿಯಾಯಿತು ಎಂದರ್ಥ. ಬೆಳಕಿನ ಮಟ್ಟಿಗೆ ಈ ಸಲ ಸೂರ್ಯನನ್ನು ನಂಬುವುದು ಬೇಡವೆಂದು ಖಾಜಾ ಮಿಯಾ ಅವರಿಂದ ಫ್ಲಾಶ್ ತಂದಿದ್ದೆ. ಒಂದು ಸಲ ಭಗ್ಗೆಂದು ಉರಿದು ಸತ್ತುಹೋಗುವ ಬಲ್ಬುಗಳು, ನಾಲ್ಕು. "ಇಷ್ಟು ಹತ್ರದಿಂದ ಬ್ಯಾಡ ಸಾಬ್" ಎಂದು ಅವರು ಹೇಳಿದ್ದರು. ನಾನು ಬಲ್ಬಿನ ಮೇಲೆ ಒಂದು ಕರವಸ್ತ್ರ ಹೊದಿಸಿ, ಆಯಿಯ ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿ, ಸಮಸ್ಯೆಯನ್ನು ಬಗೆಹರಿಸಿದೆ.

"ಅಲುಗಾಡಬ್ಯಾಡ ಆಯಿ. ನಾ ಹೇಳೋ ತನಕ ಉಸಿರೂ ಬಿಡಬ್ಯಾಡ."

ಗುಂಡಿ ಒತ್ತಿದೆ. ಆ ಕಲ್ಲಿನ ಮನೆಯಲ್ಲಿ ಸಿಡಿಲು ಬಡಿದಂತಾಯಿತು. ಕರವಸ್ತ್ರದಲ್ಲಿ ದುಂಡಗೆ ಒಂದು ಕಂದು ಕಲೆ ಮೂಡಿತು. ಆಯಿ ಕಲ್ಲಿನ ಕಂಬಕ್ಕೆ ಒರಗಿ ಕುಳಿತವಳು ಹಾಗೇ ಇದ್ದಳು.

"ಆಯಿ?" ಎಂದೆ.

ಬಗ್ಗಿ ಅವಳ ಕಿವಿಯ ಹತ್ತಿರ ಹೋದೆ.

"ಆಯಿ..." ಎಂದೆ ಮತ್ತೆ. ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದರು. ಸರೋಜಾ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಮದುವೆಯ ಮನೆಯನ್ನು ಸೂತಕದ ಮನೆ ಮಾಡಿದೆನೇ ಎಂದು ಅನಿಸಿತು. ಅವಳ ಕಣ್ಣಿನ ಮೇಲಿನ ಬಟ್ಟೆ ತೆಗೆದೆ.

ಆಯಿ ತುಟಿ ಅಲುಗಿಸದೆ ಕೇಳಿದಳು, "ಉಸಿರು ಬಿಡಲೇನಪಾ?"

ಉಳಿದ ಮೂರು ಬಲ್ಬುಗಳನ್ನೂ ಸುಟ್ಟೆ. ಬುಧವಾರ ಖಾಜಾ ಮಿಯಾ ನಾಲ್ಕು ಫೋಟೋ ಇಟ್ಟರು. ನಾಲ್ಕರಲ್ಲೂ ಬೆಳ್ಳಗೆ, ದುಂಡಗೆ, ಹುಣ್ಣಿಮೆಯ ಚಂದ್ರ ಇದ್ದ. ಮೂಗು ಯಾವುದು, ಮೂಗುತಿ ಯಾವುದು ಎಂದು ಬ್ರಹ್ಮನೂ ಹೇಳಲಾರ. ಅವರು ಹಣೆ ಒತ್ತಿಕೊಂಡು, "ಬಂಗಾರಕ್ಕ ಮೆತ್ತನ್ನ ಬೆಳಕು ಬೇಕು ಸಾಬ್. ಒಂದು ಬಾಜೂದಿಂದ ಬರಬೇಕು," ಎಂದರು. ಮದುವೆಗೆ ಮೂರೂವರೆ ವಾರ ಉಳಿದಿತ್ತು.

ಮೆತ್ತನೆಯ ಬೆಳಕನ್ನು ಎಲ್ಲಿಂದ ತರುವುದು? ಎರಡು ದಿನ ಊಟ ಸೇರಲಿಲ್ಲ. ಶುಕ್ರವಾರ ಸಂಜೆ ಸರೋಜಾ ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ನಾನು ಕಂದೀಲಿನ ಹತ್ತಿರ, ಕನ್ನಡಿಯ ಹತ್ತಿರ ಕೈಬೆರಳು ಹಿಡಿದು ಪ್ರಯೋಗ ಮಾಡುತ್ತಿದ್ದುದನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು.

"ನಾ ಎಲ್ಲಿ ಕುಂತೀನಿ ನೋಡ್ರಿ," ಎಂದಳು.

"ಹೊಸ್ತಿಲ ಹತ್ರ."

"ಯಾಕ? ಅಂಗಳದಾಗ ಕುಂತ್ರ ಬಿಸಲಿಗಿ ಅಕ್ಕಿ, ಹಳ್ಳು ಎರಡೂ ಒಂದೇ ಕಾಣ್ತಾವ. ಒಳಗ ಕುಂತ್ರ ಎರಡೂ ಕಾಣಂಗಿಲ್ಲ. ಹೊಸ್ತಿಲ ಒಳಗ ಒಂದು ಮಾರು ಬಂದು, ಬಾಗಿಲಿಗಿ ಮಗ್ಗಲಾಗಿ ಕುಂತ್ರ ಹಳ್ಳು ಒಂದೊಂದೂ ಕಾಣ್ತದ. ಹೆಣ್ಮಕ್ಕಳೆಲ್ಲಾ ಹಂಗೇ ಕೂಡ್ತಾರ. ಇದಕ್ಕ ಸ್ಟುಡಿಯೋ ತನಕ ಹೋಗಿ ಕೇಳಬೇಕೇನು?"

ನಾನು ಗಂಭೀರವಾಗಿ ತಲೆ ಆಡಿಸಿ, "ನಾನೂ ಅದನ್ನೇ ಯೋಚನೆ ಮಾಡ್ಲಿಕತ್ತಿದ್ದೆ," ಎಂದೆ.

ಮೂರನೆಯ ಭಾನುವಾರ. ಇದೇ ಕೊನೆಯದು. ಆಯಿಯನ್ನು ಬಾಗಿಲ ಒಳಗೆ, ಒಂದು ಮಾರು ದೂರದಲ್ಲಿ ಮಗ್ಗಲಾಗಿ ಕೂಡಿಸಿದೆ. ಬಾಗಿಲಿಗೆ ಮಾವನವರ ಬಿಳಿ ಧೋತರ ಇಳಿಬಿಟ್ಟೆ. ಬೆಳಕು ಹಾಲಿನಂತೆ ಒಳಗೆ ಬಂತು. ಆಯಿಯ ತಲೆ ಅಲುಗದಂತೆ ಕಂಬಕ್ಕೂ ಅವಳಿಗೂ ನಡುವೆ ಹಾಸಿಗೆಯ ಸುರುಳಿ ಇಟ್ಟೆ. ಕ್ಯಾಮರಾಕ್ಕೆ ಕಲ್ಲಿನ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಪೀಠ ಮಾಡಿದೆ. ಮೊದಲ ಸಲ ಎಲ್ಲವೂ ಸರಿ ಇತ್ತು. ಗಿಣಿಯ ಕೊರಳ ಪಟ್ಟಿ ಸಹ ಬರಿಗಣ್ಣಿಗೆ ಕಾಣುತ್ತಿತ್ತು.

ಆಗ ನನ್ನೊಳಗಿನ ಅಳತೆಯ ಗುಮಾಸ್ತ ಎಚ್ಚತ್ತ. ಅಳತೆ ಇಲ್ಲದ ಫೋಟೋದಿಂದ ಪತ್ತಾರನಿಗೆ ಗಾತ್ರ ತಿಳಿಯುವುದು ಹೇಗೆ? ಗಣಿಯಲ್ಲಿ ಕಲ್ಲಿನ ಫೋಟೋ ತೆಗೆಯುವಾಗ ಪಕ್ಕಕ್ಕೆ ಒಂದು ಗಜಕಡ್ಡಿ ಇಡುತ್ತೇವೆ. ಮೂಗಿನ ಪಕ್ಕಕ್ಕೆ ಗಜಕಡ್ಡಿ ಇಡಲಾಗುವುದಿಲ್ಲ.

"ಶಾಂತಾ, ಒಂದು ತೊಗರಿ ಬ್ಯಾಳಿ ತಗೊಂಡು ಬಾ. ಜರಾ ಬೆಲ್ಲನೂ."

ನಮ್ಮ ಕಡೆ ತೊಗರಿ ಬೇಳೆಯ ಗಾತ್ರ ಗೊತ್ತಿಲ್ಲದ ಮನುಷ್ಯ ಹುಟ್ಟಿಲ್ಲ. ಬೇಳೆಯ ಚಪ್ಪಟೆ ಬದಿಗೆ ಬೆಲ್ಲ ಸವರಿ, ಮೂಗುತಿಯ ಮುಂದೆ ಮೂಗಿನ ಮೇಲೆ, ಗಿಣಿಗೆ ತಾಗಿಯೂ ತಾಗದಂತೆ ಅಂಟಿಸಿದೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಅರ್ಧ ಸೆಕೆಂಡು ಲೆನ್ಸು ತೆರೆದಿರಬೇಕು. ಆ ಅರ್ಧ ಸೆಕೆಂಡಿನಲ್ಲಿ ಆಯಿ ಉಸಿರಾಡಬಾರದು. ಮೊದಲನೆಯದಕ್ಕೆ ಆಯಿ ಉಗುಳು ನುಂಗಿದಳು. ಎರಡನೆಯದಕ್ಕೆ ಕೆಮ್ಮಿದಳು. ಮೂರನೆಯದಕ್ಕೆ ಹೊರಸಿನ ಮೇಲಿಂದ ಮುತ್ಯಾ, "ಚಾ ಆಗದೇನು?" ಎಂದು ಕೂಗಿದರು, ಆಯಿ ಅಭ್ಯಾಸಬಲದಿಂದ ಆ ಕಡೆ ತಿರುಗಿದಳು. ಆರು, ಏಳು, ಎಂಟು ಕಲ್ಲಿನ ಪೀಠ ಅಲುಗಿ ಹೋದವು. ಹನ್ನೊಂದು ಮುಗಿದಾಗ ಎಲ್ಲರೂ ಸುತ್ತ ನಿಂತಿದ್ದರು. ಶಾಂತಾ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು.

ಹನ್ನೆರಡನೆಯದಕ್ಕೆ ದಾರದ ಗಂಟು ತಾಗಿಸಿ ಬಿಟ್ಟೆ. ಬೆರಳು ಗುಂಡಿಯ ಮೇಲೆ ಇಟ್ಟೆ. ಅಷ್ಟರಲ್ಲಿ ಆಯಿಯ ಕೆನ್ನೆಯ ಮೇಲೆ ಒಂದು ಇರುವೆ ಕಾಣಿಸಿತು. ಬೆಲ್ಲದ ವಾಸನೆ ಹಿಡಿದು ಹೊರಟಿತ್ತು. ಒರೆಸಲು ಕೈ ಚಾಚಿದರೆ ಅಳತೆ ಕೆಡುತ್ತದೆ. ಊದಿದರೆ ಬೇಳೆ ಬೀಳುತ್ತದೆ. ಆಯಿಗೆ ಅದು ಹರಿಯುವುದು ಗೊತ್ತಾಗುತ್ತಿತ್ತು, ಅವಳ ಕಣ್ಣಿನ ರೆಪ್ಪೆ ಅದುರುತ್ತಿತ್ತು. ಮೂಗಿನ ಹೊಳ್ಳೆ ಮೆಲ್ಲಗೆ ಅರಳತೊಡಗಿತು. ಇನ್ನು ಸೀನು ಬರುತ್ತದೆ ಎಂದು ಎಲ್ಲರಿಗೂ ತಿಳಿಯಿತು. ನಾನು ಗುಂಡಿ ಒತ್ತಿದೆ. ಲೆನ್ಸು ತೆರೆದು ಮುಚ್ಚಿತು. ಆಮೇಲೆ ಬಂದ ಸೀನಿಗೆ ಇರುವೆ, ಬೇಳೆ ಎರಡೂ ನನ್ನ ಮುಖಕ್ಕೆ ಬಂದವು.

ಆ ಹನ್ನೆರಡನೆಯ ಫೋಟೋ ಬಂತು! ಕಾರ್ಡಿನಷ್ಟು ದೊಡ್ಡದಾಗಿ ಖಾಜಾ ಮಿಯಾ ಮಾಡಿಕೊಟ್ಟರು. ಏಳು ಹರಳು, ಗಿಣಿ, ಗಿಣಿಯ ಕಣ್ಣು, ಎದುರಿಗೆ ದುಂಡನೆಯ ಬೇಳೆ. ಇರುವೆ ಇನ್ನೂ ಫೋಟೋದೊಳಗೆ ಬಂದಿರಲಿಲ್ಲ. ಖಾಜಾ ಮಿಯಾ ಎದ್ದು ನಿಂತು ನನ್ನ ಕೈ ಕುಲುಕಿದರು. ನಾನು ಅದರ ಹಿಂಬದಿಗೆ ಮುತ್ತು ಪೋಣಿಸಿದ ಅಕ್ಷರದಲ್ಲಿ, "ಪಕ್ಕದಲ್ಲಿರುವುದು ತೊಗರಿ ಬೇಳೆ. ಅಳತೆಗಾಗಿ ಮಾತ್ರ," ಎಂದು ಬರೆದು, ಚಿತ್ತಾಪುರ ಸ್ಟೇಷನ್ನಿನಲ್ಲಿ ಗಾಡಿಯ ಕಿಟಕಿಯಿಂದ ಮಾನಪ್ಪನ ಕೈಗೆ ಕೊಟ್ಟೆ.

"ಹಿಂದ ಎಲ್ಲಾ ಬರ್ದೀನ್ರಿ, ಓದ್ರಿ," ಎಂದೆ.

ಮಾನಪ್ಪ ಫೋಟೋದ ಮುಂಬದಿಯಿಂದ ಕಣ್ಣು ಕೀಳದೆ, "ಭಾಳ ಛಲೋ ಅದರಿ," ಎಂದ. ಗಾಡಿ ಹೊರಟಿತು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಮಾನಪ್ಪ ಸೇಡಂಗೆ ಬಂದ. ನೆಂಟರೆಲ್ಲ ಅರಿಸಿನದ ಗದ್ದಲದಲ್ಲಿದ್ದರು. ನಾವು ಐದಾರು ಜನ ದೇವರ ಕೋಣೆಯಲ್ಲಿ ಸೇರಿದೆವು. ಗುಲಾಬಿ ಕಾಗದದ ಪೊಟ್ಟಣವನ್ನು ಅವನು ಶಾಂತಾಳ ಅಂಗೈಯಲ್ಲಿ ಬಿಚ್ಚಿದ.

ಎಲ್ಲರೂ ಮುಂದೆ ಬಾಗಿದೆವು.

ಏಳು ಹರಳು ಸರಿಯಾಗಿದ್ದವು. ಗಿಣಿ ಆಯಿಯ ಗಿಣಿಗಿಂತ ಒಂದು ಗುಂಜಿ ಚೆಂದವೇ ಇತ್ತು. ಗಿಣಿಯ ಎದುರಿಗೆ, ಅದರ ಕೊಕ್ಕಿಗೆ ಬೆಸೆದು, ಗಿಣಿಗಿಂತ ದೊಡ್ಡದಾದ ಒಂದು ಬಂಗಾರದ ತೊಗರಿ ಬೇಳೆ ಇತ್ತು.

"ಇದೇನಪಾ ಮಾನಪ್ಪ?" ಎಂದರು ಮಾವ.

"ಗಿಣಿ ಕಾಳು ತಿನ್ಲಿಕತ್ತದಲ್ರಿ," ಎಂದ ಅವನು. "ಕೊಕ್ಕಿಗಿ ಹತ್ತಸೋದು ಭಾಳ ಕಷ್ಟ ಆತ್ರಿ. ಮೂರು ಸಲ ಮುರೀತು."

"ಹಿಂದ ಬರ್ದಿದ್ದೆನಲ್ರಿ," ಎಂದೆ.

ಮಾನಪ್ಪ ಚೀಲದಿಂದ ಒಂದು ಹಲಗೆ ತೆಗೆದ. ಕೆಲಸ ಮಾಡುವಾಗ ಕಣ್ಣಿನ ಎದುರಿಗೆ ಇರಲೆಂದು, ಬಂದ ಮೊದಲ ದಿನವೇ ಫೋಟೋವನ್ನು ಅದಕ್ಕೆ ಅಂಟು ಹಚ್ಚಿ ಮೆತ್ತಿದ್ದ. ನನ್ನ ಮುತ್ತಿನಂಥ ಅಕ್ಷರಗಳು ಹಲಗೆಗೆ ಅಂಟಿಕೊಂಡು ಎರಡೂವರೆ ವಾರ ಕಳೆದಿದ್ದವು. "ಫೋಟೋದ ಹಿಂದ ಯಾರರೇ ಬರೀತಾರೇನ್ರಿ?" ಎಂದ ಅವನು. "ನನಗ ಏನು ಕಂಡದ ಅದನ್ನ ಮಾಡೀನಿ." ಆ ಇರುವೆ ಇನ್ನೊಂದು ಹೆಜ್ಜೆ ಮುಂದೆ ಬಂದಿದ್ದರೆ ಅದನ್ನೂ ಬಂಗಾರದಲ್ಲಿ ಮಾಡಿಕೊಂಡು ಬಂದಿರುತ್ತಿದ್ದ.

ಮಾವ ತೊಗರಿ ಬೆಳೆಯುವವರು. ಅವರು ನಿಟ್ಟುಸಿರು ಬಿಟ್ಟು, "ಹೊಲದಾಗ ಕವಣಿ ಬೀಸಿ ಗಿಣಿ ಓಡಸ್ತೀನಿ. ನಮ್ಮ ಅಳಿಯಾರು ಮನ್ಯಾಗ ಕರೆದು ಕಾಳು ಹಾಕ್ಯಾರ," ಎಂದರು.

ಬೇಳೆಯನ್ನು ಕತ್ತರಿಸಲು ಬರುತ್ತದೆಯೇ ಎಂದು ಅತ್ತೆ ಕೇಳಿದರು. ಕತ್ತರಿಸಿದರೆ ಕೊಕ್ಕು ಹೋಗುತ್ತದೆ, ಹೊಸ ಕೊಕ್ಕು ಮಾಡಲು ಎರಡು ದಿನ ಬೇಕು ಎಂದ ಮಾನಪ್ಪ. ಅಕ್ಷತೆ ನಾಳೆ ಬೆಳಗ್ಗೆ. ಶಾಂತಾ ಅಂಗೈಯಲ್ಲಿದ್ದ ಮೂಗುತಿಯನ್ನು ನೋಡುತ್ತ ನಿಂತಿದ್ದಳು, ಕಣ್ಣು ತುಂಬಿಕೊಂಡಿದ್ದವು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ನನ್ನದು ಅರ್ಧ ತೊಗರಿ ಕಾಳಿಗೆ ಹೋಗಿತ್ತು. ಆ ಹುಡುಗಿಯ ಮುಖ ನೋಡಲಾರದೆ ನನಗೆ ನಿಜವಾಗಿಯೂ ಅಳು ಬಂತು.

"ಏನಾಗೇದ ಇಲ್ಲಿ? ತೋರಸ್ರಿ," ಎಂದು ಆಯಿ ಒಳಗೆ ಬಂದಳು. ಮೂಗುತಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಅವಳ ಹೊಟ್ಟೆ ಮೊದಲು ಕುಣಿಯಿತು, ಆಮೇಲೆ ನಗು ಹೊರಗೆ ಬಂತು. ನಕ್ಕು ನಕ್ಕು ಕಣ್ಣು ಒರೆಸಿಕೊಂಡು, ಬಲಗೈಯನ್ನು ತನ್ನ ಮೂಗಿಗೆ ಒಯ್ದಳು. ಎರಡು ಸುತ್ತು ತಿರುಗಿಸಿದಳು. ಮೂಗುತಿ ಕೈಗೆ ಬಂತು!

ಅತ್ತೆ ಗೋಡೆ ಹಿಡಿದುಕೊಂಡರು. "ಅತ್ತೀ, ನೀವು ಅದನ್ನ ಬಿಚ್ಚಂಗಿಲ್ಲಲ್ರಿ..."

"ಯಾರು ಹೇಳಿದ್ರು? ಹುಣ್ಣಿವಿಗೊಮ್ಮೆ ಬಚ್ಚಲದಾಗ ಬಿಚ್ಚಿ ಅಂಟವಾಳದ ನೊರ್ಯಾಗ ತೊಳೀತೀನಿ. ಇಲ್ಲಂದ್ರ ಹರಳು ಹ್ಯಾಂಗ ಹೊಳಿಬೇಕು?"

"ಮತ್ತ ನಮಗ ಹೇಳಲೇ ಇಲ್ಲ?"

"ನೀವು ಯಾರು ಕೇಳಿದ್ರಿ?"

ಆಯಿ ಶಾಂತಾಳ ಮೂಗಿಗೆ ತನ್ನ ಮೂಗುತಿಯನ್ನು ತಾನೇ ಹಾಕಿದಳು. "ಹಂಥಾದು ಯಾಕ, ಇದೇ ತಗೋ," ಎಂದಳು. ಆಮೇಲೆ ಬೇಳೆಯ ಗಿಣಿಯನ್ನು ತನ್ನ ಮೂಗಿಗೆ ಏರಿಸಿಕೊಂಡಳು. "ಹಲ್ಲಿಲ್ಲದಕಿಗಿ ಬಂಗಾರದ ಬ್ಯಾಳಿನೇ ಛಲೋ." ಶಾಂತಾ ಅಜ್ಜಿಯನ್ನು ತಬ್ಬಿಕೊಂಡು ಅತ್ತಳು. ಮಾನಪ್ಪನಿಗೂ ಹೋದ ಜೀವ ಬಂದಂತಾಯಿತು.

ಆಗ ಸರೋಜಾ ಕೇಳಿದಳು, "ಹಂಗಾದ್ರ ಮೂರು ಐತವಾರ ಇವರ ಮುಂದ ಉಸಿರು ಹಿಡಿದು ಯಾಕ ಕುಂತಿ ಆಯಿ? ಬಿಚ್ಚಿ ಕೊಟ್ಟಿದ್ರ ಆಗ್ತಿತ್ತಲ್ಲ?"

ಆಯಿ ಸ್ವಲ್ಪ ನಾಚಿಕೊಂಡಳು.

"ಅಳಿಯಾ ನನ್ನ ಫೋಟೋ ತೆಗೀತೀನಿ ಅಂದ. ಇಷ್ಟು ವಯಸ್ಸಾತು, ನಂದು ಒಂದೂ ಫೋಟೋ ಇಲ್ಲ. ಯಾರಿಗಿ ಕೇಳಲಿ? ಬಿಚ್ಚಿ ಕೊಟ್ರ ಎಲ್ಲಿ ತೆಗಿಯದು ಬಿಡ್ತಾನೋ ಅಂತ ಸುಮ್ಮ ಕುಂತೆ." ನನ್ನ ಕಡೆ ತಿರುಗಿ ಕೈ ಚಾಚಿದಳು. "ಭಾಳ ತೆಗೆದೀಯಲ್ಲಪಾ. ಒಂದರೇ ಕೊಡು, ನೋಡ್ತೀನಿ."

ನನ್ನ ಚೀಲದಲ್ಲಿ ಎಲ್ಲವೂ ಇದ್ದವು. ಹನ್ನೆರಡು ಗದ್ದ. ನಾಲ್ಕು ಹುಣ್ಣಿಮೆ. ಹನ್ನೊಂದು ಮಬ್ಬು. ಮಾನಪ್ಪನ ಕೈಯಲ್ಲಿ, ಹಲಗೆಗೆ ಅಂಟಿದ ಒಂದು ಮೂಗು. ಮೂರು ಭಾನುವಾರ ಇಳಕಲ್ ಸೀರೆ ಉಟ್ಟು ಕುಳಿತ ಮುದುಕಿಯ ಎದುರಿಗೆ ಐದೂವರೆ ಇಂಚಿನಲ್ಲಿ ಇದ್ದೆ, ಒಂದು ಸಲವೂ ಅವಳ ಮುಖ ನೋಡಿರಲಿಲ್ಲ. ಮೂರು ಹೆಜ್ಜೆ ಹಿಂದೆ ಸರಿದಿದ್ದರೆ ಸಾಕಾಗಿತ್ತು, ಗಾಜೂ ಬೇಕಿರಲಿಲ್ಲ, ಫ್ಲಾಶೂ ಬೇಕಿರಲಿಲ್ಲ. ಆಯಿಯ ಚಾಚಿದ ಕೈಗೆ ಹಾಕಲು ನನ್ನಲ್ಲಿ ಏನೂ ಇರಲಿಲ್ಲ.

"ನಾಳಿಗಿ ಕೊಡ್ತೀನಿ ಆಯಿ," ಎಂದೆ.

ಮರುದಿನ ಅಕ್ಷತೆ ಮುಗಿದ ಮೇಲೆ ಆಯಿಯನ್ನು ಹೊಸ್ತಿಲ ಒಳಗೆ, ಒಂದು ಮಾರು ದೂರದಲ್ಲಿ, ಮಗ್ಗಲಾಗಿ ಕುರ್ಚಿಯ ಮೇಲೆ ಕೂಡಿಸಿದೆವು. ಆ ಫೋಟೋ ಇವತ್ತಿಗೂ ನಮ್ಮ ಮನೆಯ ಗೋಡೆಯ ಮೇಲಿದೆ. ಆಯಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾಳೆ. ಮೂಗುತಿ ಬರೀ ಒಂದು ಚುಕ್ಕೆ, ಗಿಣಿಯೂ ಕಾಣುವುದಿಲ್ಲ, ಬೇಳೆಯೂ ಕಾಣುವುದಿಲ್ಲ. ಬಂದವರೆಲ್ಲ ಬೆಳಕು ಎಷ್ಟು ಚೆನ್ನಾಗಿ ಬಿದ್ದಿದೆ ಎಂದು ಹೊಗಳಿ, ನನ್ನ ಕಡೆ ನೋಡುತ್ತಾರೆ. ನಾನು ತಲೆ ಬಾಗಿಸಿ ಒಪ್ಪಿಕೊಳ್ಳುವಷ್ಟರಲ್ಲಿ ಸರೋಜಾ ಅಡಿಗೆಮನೆಯಿಂದಲೇ ಹೇಳುತ್ತಾಳೆ, ತೆಗೆದವರು ಮದುವೆಗೆ ಬಂದಿದ್ದ ಖಾಜಾ ಮಿಯಾ ಎಂದು.

ನಾನೂ ಆ ಫೋಟೋದಲ್ಲಿ ಇದ್ದೇನೆ. ಎಡಗಡೆಯ ಅಂಚಿನಲ್ಲಿ ಪರಾತ ಹಿಡಿದ ನಾಲ್ಕು ಬೆರಳು ಕಾಣುತ್ತವಲ್ಲ, ಅವು ನನ್ನವು.